ನೀರು ಕುಡಿಯುವ ಬಚ್ಚಲು

ನೀರು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಅದಕ್ಕೆ ದಾರಿ ತೋರಿಸಲು ಮನುಷ್ಯರು ಹೊರಟಾಗ ಮಾತ್ರ ಪ್ರಸಂಗಗಳು ಹುಟ್ಟುತ್ತವೆ. ರೋಣದ ನಮ್ಮ ಹಳೆಯ ಮನೆಯಲ್ಲಿ ಇಂಥವು ಆಗಾಗ ಹುಟ್ಟುತ್ತಲೇ ಇದ್ದವು. ಆದರೆ ಕೂಡಿಟ್ಟ ಜೋಳದಲ್ಲಿ ಸರಕಾರ ತನ್ನ ಪಾಲು ಕೇಳುತ್ತಿದ್ದ ಆ ಲೇವಿಯ ಕಾಲದಲ್ಲಿ, ನನ್ನ ನಾದಿನಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಹುಟ್ಟಿದಷ್ಟು ಮತ್ತೆಂದೂ ಹುಟ್ಟಲಿಲ್ಲ.

೧. ಗಾಳಿ ತಾಗದ ಖೋಲಿ

ನಾದಿನಿಗೆ ಒಂಬತ್ತರಲ್ಲಿ ಬಿದ್ದಿತ್ತು. ನಮ್ಮ ಬಚ್ಚಲು ಹಿತ್ತಲಲ್ಲಿ. ಮೇಲೆ ತಗಡು, ಸುತ್ತ ತಟ್ಟಿ. ಅದರಲ್ಲಿ ಬಾಣಂತಿಗೆ ಎರೆಯುವುದು ಆಗದ ಮಾತು ಎಂದು ಅತ್ತೆ ತೀರ್ಪು ಕೊಟ್ಟರು. "ನನ್ನ ಬಾಣಂತನದಾಗ ಒಂದ ದಿನ ಗಾಳಿ ಬಡದಿತ್ತು. ಆ ಸೊಂಟ ಇನ್ನೂ ಮಾತಾಡ್ತೈತಿ. ನನ್ನ ಮಗಳಿಗೆ ಹಂಗ ಆಗಬಾರದು."

ಗಾಳಿ ತಾಗದ ಜಾಗ ಮನೆಯಲ್ಲಿ ಒಂದೇ ಇತ್ತು: ಪಡಸಾಲೆಯ ಕೆಳಗಿನ ನೆಲಮನೆ. ಆರು ಮೆಟ್ಟಿಲು ಇಳಿದು ಹೋಗಬೇಕು. ಗಾಳಿಯಷ್ಟೇ ಅಲ್ಲ, ಬೆಳಕೂ ಅಲ್ಲಿಗೆ ಹೇಳಿಕಳಿಸಿದರೆ ಮಾತ್ರ ಬರುತ್ತಿತ್ತು.

"ಎರೆದ ನೀರು ಎಲ್ಲಿ ಹೋಗಬೇಕ್ರಿ ಅತ್ತಿ?" ಎಂದೆ.

"ನೀರಿಗೇನವ್ವ, ಹ್ವಾದಲ್ಲೇ ದಾರಿ."

ಪರೀಕ್ಷೆಗೆಂದು ಎರಡು ಕೊಡ ನೀರು ಸುರಿದರು. ನೀರು ಎಲ್ಲಿಗೂ ಹೋಗಲಿಲ್ಲ. ಹೊಸದಾಗಿ ಬಂದ ಬೀಗರಂತೆ ಅಲ್ಲೇ ಕೂತಿತು. ಸಂಜೆಯವರೆಗೂ ನಾನು ತಂಬಿಗೆಯಿಂದ ಗೋರಿ ಗೋರಿ ಮೇಲಕ್ಕೆ ತಂದೆ. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ಅತ್ತೆ ಸಮಾಧಾನ ಹೇಳಿದರು: "ನೋಡಿದಿ? ಹೋಗಾಕತ್ತೈತಿ."

೨. ಗವಂಡಿಯ ಇಳಕಲು

ಗಜೇಂದ್ರಗಡದಿಂದ ಮನೆ ಕಟ್ಟುವ ಗವಂಡಿಯೊಬ್ಬನನ್ನು ಕರೆಸಿದೆವು. ಕಲ್ಲು ಅವನ ಮಾತು ಕೇಳುತ್ತದೆ ಎಂದು ಹೆಸರಿತ್ತು. ನಾನು ಕಾಗದದ ಮೇಲೆ ಮನೆಯ ಚಿತ್ರ ಬರೆದು, ಓಣಿಯ ಗಟಾರ ನಮ್ಮ ನೆಲಮನೆಯ ನೆಲಕ್ಕಿಂತ ಒಂದು ಮೊಳ ಎತ್ತರದಲ್ಲಿದೆ ಎಂದು ತೋರಿಸಿದೆ. ಅವನು ಕಾಗದವನ್ನು ತಿರುಗಿಸಿ, ಮತ್ತೊಮ್ಮೆ ತಿರುಗಿಸಿ, ವಾಪಸು ಕೊಟ್ಟ.

"ಅಕ್ಕಾರ, ಸಾಲ್ಯಾಗ ಕಲಿಸೂ ನೀರು ಬ್ಯಾರೆ, ಬಚ್ಚಲ ನೀರು ಬ್ಯಾರೆ. ಅದನ್ನ ನನಗ ಬಿಡ್ರಿ."

ಬಿಟ್ಟೆವು. ನಾಲ್ಕು ದಿನ ಗರಸು ಮಣ್ಣು ತುಂಬಿಸಿ, ಪರಸಿ ಕಲ್ಲು ಹಾಸಿ, ನೆಲವನ್ನೇ ಒಂದೂವರೆ ಮೊಳ ಏರಿಸಿದ. ನೀರು ಸುರಿದರೆ ಓಡಿಹೋಗಿ ಗಟಾರಕ್ಕೆ ಬಿತ್ತು. ನನ್ನ ಬಿ.ಎ. ಪದವಿಯ ಕಡೆ ಅತ್ತೆ ಒಮ್ಮೆ ಕನಿಕರದಿಂದ ನೋಡಿ, ಹೊಸ ಬಚ್ಚಲು ನೋಡಲು ಇಳಿದರು. ಮರುಕ್ಷಣ ತೊಲೆಗೆ ತಲೆ ಬಡಿದ ಸದ್ದು ಪಡಸಾಲೆಗೆ ಕೇಳಿಸಿತು.

ಗವಂಡಿ ಅಳುಕಲಿಲ್ಲ. "ಬಾಣಂತಿ ಕುಂತ ಜಳಕಾ ಮಾಡ್ತಾಳಲ್ರಿ ಅವ್ವಾರ, ಆಕಿಗೇನು ಹತ್ತಂಗಿಲ್ಲ."

ಅತ್ತೆ ತಲೆ ಒತ್ತಿಕೊಳ್ಳುತ್ತ ಕೇಳಿದರು: "ಎರಿಯಾಕಿ ನಾನು. ನಾ ಏನು ಅಂಬೆಗಾಲಿಕ್ಕಿ ಎರೀಲೇನೋ?"

ಐದನೆಯ ದಿನದಿಂದ ತುಂಬಿದ ಗರಸನ್ನೆಲ್ಲ ಹೊರಗೆ ಹೊರಿಸಿದ. ನಾದಿನಿಯ ದಿನಗಳು ಮಾತ್ರ ತುಂಬುತ್ತಲೇ ಇದ್ದವು.

೩. ಕಟ್ಟೆಯ ಮೇಲಿನ ಸಾಕ್ಷಿ

ಉಳಿದದ್ದು ಒಂದೇ ದಾರಿ. ಬಾಜೂ ಮನೆ ಜೋಳದ ಸಾವಕಾರರದು. ಅವರ ಹಿತ್ತಲು ನಮ್ಮ ನೆಲಮನೆಗಿಂತ ತಗ್ಗು. ಅಲ್ಲಿಂದ ಗಟಾರ ತೆಗೆಯಲು ಬಿಡಿ ಎಂದು ಅತ್ತೆಯೇ ಹೋಗಿ ಕೇಳಿದರು. ಸಾವಕಾರರು ಕೈ ಜೋಡಿಸಿದರು. "ಅವ್ವಾರ, ಪ್ರಾಣಾ ಕೇಳ್ರಿ, ಕೊಡ್ತೀನಿ. ಮಂದಿ ಬಚ್ಚಲ ನೀರು ನಮ್ಮ ಹಿತ್ತಲದಾಗ ಬ್ಯಾಡ್ರಿ."

ಅವರ ಪ್ರಾಣದಿಂದ ನೀರು ಹೋಗುವಂತಿರಲಿಲ್ಲ. ಹಾಗಾಗಿ ಗವಂಡಿ ನಮ್ಮ ನೆಲಮನೆಯೊಳಗೇ, ಅವರ ಗೋಡೆಗೆ ಹೊಂದಿಕೊಂಡಂತೆ, ನೀರು ಇಂಗುವ ಕುಣಿ ತೋಡುತ್ತೇನೆಂದ. ನಮ್ಮ ಕಡೆ ಹಾರೆ ಹಾಕುವ ಮೊದಲು ನೆರೆಯವರನ್ನು ಒಂದು ಮಾತು ಕೇಳುವ ರೂಢಿ ಇದೆ: ಇಲ್ಲಿ ನಿಮ್ಮ ಹಗೇವು ಇದೆಯೇ ಎಂದು. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದ ನೆಲದೊಳಗಿನ ಕಣಜ ಅದು. ಮೇಲೆ ನಿಂತವರಿಗೂ ಗೊತ್ತಾಗುವುದಿಲ್ಲ.

ಗವಂಡಿ ಓಣಿಯಲ್ಲಿ ನಿಂತೇ ಕೂಗಿ ಕೇಳಿದ: "ಸಾವಕಾರ್ರ, ಈ ಗ್ವಾಡಿಗೆ ಹತ್ತಿ ನಿಮ್ಮ ಹಗೇವು ಐತೇನ್ರಿ?"

ಆ ಹೊತ್ತಿನಲ್ಲಿ ಸಾವಕಾರರ ಕಟ್ಟೆಯ ಮೇಲೆ ಅವರದೇ ಚಹಾ ಕುಡಿಯುತ್ತ ಕೂತಿದ್ದವನು ಲೇವಿಯ ಕಾರಕೂನ. ಅವನು ಬಟ್ಟಲನ್ನು ತುಟಿಯಿಂದ ಸ್ವಲ್ಪ ದೂರ ಹಿಡಿದು ನಿಲ್ಲಿಸಿದ.

ಸಾವಕಾರರು ಗವಂಡಿಯನ್ನು ನೋಡಿದರು, ಕಾರಕೂನನನ್ನು ನೋಡಿದರು. "ಹಗೇವೆಲ್ಲಿದೋ ತಮ್ಮಾ. ನಮ್ಮಜ್ಜನ ಕಾಲಕ್ಕ ಮುಚ್ಚಿದ್ದು."

"ಖರೇನ್ರಿ? ಆಮ್ಯಾಲೆ ನನ್ನ ಮ್ಯಾಲೆ ಮಾತು ಬರಬಾರದ್ರಿ."

"ಅಗಿಯೋ ಮಾರಾಯಾ, ಅಗಿ," ಎಂದರು ಸಾವಕಾರರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

೪. ಎರಡು ಹಂಡೆ

ಕುಣಿ ಮುಗಿದ ಮೂರನೆಯ ದಿನ ನಾದಿನಿ ಗಂಡುಮಗು ಹೆತ್ತಳು. ದಿನವೂ ಎರಡು ಹಂಡೆ ಸುಡುನೀರು, ಬೊಗಸೆ ಅರಿಷಿಣ, ಸೀಗೆಕಾಯಿ. ನೀರು ಗುಡುಗುಡು ಎಂದು ಕುಣಿಗೆ ಇಳಿಯುತ್ತಿತ್ತು, ಹನಿಯೂ ನಿಲ್ಲುತ್ತಿರಲಿಲ್ಲ. ನೀರು ಕುಡಿಯುವ ಬಚ್ಚಲು ನೋಡಲು ನರಗುಂದದಿಂದಲೂ ನೆಂಟರು ಬಂದರು. ಗವಂಡಿಗೆ ಮೂರು ಮನೆಗಳಿಂದ ಕರೆ ಹೋಯಿತು.

ಸಾವಕಾರರು ಮಾತ್ರ ದಿನಾ ಮುಂಜಾನೆ ಬಾಗಿಲಿಗೆ ಬಂದು ಕೂಸಿನ ಕ್ಷೇಮ ವಿಚಾರಿಸತೊಡಗಿದರು.

"ಅವ್ವಾರ, ಇನ್ನ ಎಷ್ಟ ದಿನ ಎರೀತೀರಿ?"

"ಚೊಚ್ಚಲಲ್ರಿ. ಐದು ತಿಂಗಳ ಆಗ್ಲೇಬೇಕು."

"ದಿನಾ ಎರಡು ಹಂಡೆ ಭಾಳ ಆತೇನೋ. ಕೂಸಿಗೆ ಥಂಡಿ ಆದೀತು."

"ಹಂಗಂತೀರಿ? ಹಂಗಾರ ನಾಳಿಂದ ಮೂರು ಮಾಡ್ತೀನಿ, ಮೈ ಬೆಚ್ಚಗಿರಲಿ."

ಎಂಟನೆಯ ದಿನ ಕುಣಿಯಿಂದ ಹುಳಿ ಹಿಟ್ಟಿನ ವಾಸನೆ ಏಳತೊಡಗಿತು. ನನಗೆ ಅರ್ಥವಾಯಿತು. ಅತ್ತೆಗೆ ನನಗಿಂತ ಮೊದಲೇ ಅರ್ಥವಾಗಿತ್ತು ಎಂದು ಅವರ ಮುಖ ನೋಡಿದಾಗ ತಿಳಿಯಿತು. ಮರುದಿನ ಸಾವಕಾರರು ಬಂದಾಗ ಅತ್ತೆಯೇ ಮೆಲ್ಲಗೆ ಕೇಳಿದರು: "ಸಾವಕಾರ್ರ, ಅಲ್ಲಿ ನಿಮ್ಮ ಹಗೇವು ಏನರ..."

ಸಾವಕಾರರು ಓಣಿಯ ಕಡೆ ಕಣ್ಣು ಹಾಯಿಸಿದರು. ಕಾರಕೂನ ಬರುತ್ತಿದ್ದ. "ಹಗೇವೆಲ್ಲಿದ್ರಿ."

"ಇಲ್ಲಂದ್ರ ಚಿಂತಿಲ್ಲ ಬಿಡ್ರಿ," ಎಂದು ಅತ್ತೆ ಮೂರನೆಯ ಹಂಡೆಗೆ ಉರಿ ಹಾಕಲು ಹೋದರು.

ಅದರ ಮರುದಿನ ಸಾವಕಾರರ ಮಾಳಿಗೆಯ ಮೇಲೆ ಜೋಳ ಹರವಿತ್ತು. ಉದ್ದುದ್ದ ಮೊಳಕೆ, ಮದುವಣಗಿತ್ತಿಯಂಥ ಹಳದಿ ಬಣ್ಣ, ಓಣಿಯ ತುಂಬ ವಾಸನೆ. ಕಾರಕೂನ ದಫ್ತರ ಬಿಚ್ಚಿಕೊಂಡು ಕೆಳಗೆ ನಿಂತ. "ಇದು ಯಾರ ಜೋಳ್ರಿ?"

"ಬಾಜೂ ಮನಿ ಅವ್ವಾರದ್ರಿ," ಎಂದರು ಸಾವಕಾರರು. "ಅವರಲ್ಲಿ ಬಿಸಲು ಬೀಳಂಗಿಲ್ಲಂತ ನಮ್ಮಲ್ಲಿ ಹಾಕ್ಯಾರ."

ಕಾರಕೂನ ಒಂದು ಹಿಡಿ ತಂದು ಅತ್ತೆಯ ಮುಂದೆ ಹಿಡಿದ. ಅತ್ತೆ ಮೂಸಿ ನೋಡಿದರು. "ಹೌದಪ್ಪ, ನಮ್ಮದ. ಅರಿಷಿಣ, ಸೀಗಿಕಾಯಿ ವಾಸನಿ ನೋಡು. ಈ ಓಣ್ಯಾಗ ಬ್ಯಾರೆ ಯಾರ ಮನ್ಯಾಗ ಬಾಣಂತಿ ಅದಾಳ?"

ಮೊಳೆತ ಜೋಳ ಸರಕಾರಕ್ಕೆ ಬೇಡವಾಗಿತ್ತು. ಕಾರಕೂನ ದಫ್ತರ ಮುಚ್ಚಿದ, ಆದರೆ ಹೋಗಲಿಲ್ಲ. ಮತ್ತೆ ಕಟ್ಟೆಯ ಮೇಲೆ ಕೂತು ಚಹಾಕ್ಕೆ ಕಾದ. ಅವನು ನೋಡುತ್ತಿದ್ದಂತೆಯೇ ಸಾವಕಾರರ ಆಳುಗಳು ನಮ್ಮ ಜೋಳವನ್ನು ಚೀಲಗಳಲ್ಲಿ ತುಂಬಿ ನಮ್ಮ ಎಮ್ಮೆಯ ಕೊಟ್ಟಿಗೆಗೆ ತಂದಿಳಿಸಬೇಕಾಯಿತು.

ಆ ವಾರವೇ ಸಾವಕಾರರು ಗವಂಡಿಯನ್ನು ತಾವೇ ಕರೆಸಿ, ತಮ್ಮ ಹಿತ್ತಲ ನಡುವೆ ನಮ್ಮ ಬಚ್ಚಲಿಗೆ ಕಲ್ಲಿನ ಗಟಾರ ಹಾಕಿಸಿದರು. ಬಾಣಂತಿಗೆ ಐದು ತಿಂಗಳೂ ಗಾಳಿ ತಾಗಲಿಲ್ಲ. ಆಮೇಲೂ ಸಾವಕಾರರು ದಿನಾ ಮುಂಜಾನೆ ಬಾಗಿಲಿಗೆ ಬರುವುದನ್ನು ಬಿಡಲಿಲ್ಲ. ಕೂಸನ್ನು ಮಾತ್ರ ಕೇಳುತ್ತಿರಲಿಲ್ಲ.

"ಅವ್ವಾರ, ಎಮ್ಮಿ ಚಲೋ ಹಿಂಡಾಕತ್ತೈತೇನ್ರಿ?"