ಒಂದು ಇಕಾರವನ್ನು ತಿದ್ದಿದ ಪರಿಣಾಮ

ಮಾವನವರೊಡನೆ ಮೊದಲ ಸಂದರ್ಶನ ಗೊತ್ತಾದದ್ದು ಹೆಂಡತಿಯ ಕೃಪೆಯಿಂದ. ನಾವು ನೆಲೆಸಿದ್ದ ಸೊಲ್ಲಾಪುರದ ಚಾದರ ವ್ಯಾಪಾರದ ಬಾಯಿಮಾತಿನ ಇತಿಹಾಸವನ್ನು ಒಂದಕ್ಷರವೂ ತಪ್ಪದಂತೆ ಸಂಗ್ರಹಿಸಿಯೇ ತೀರುತ್ತೇನೆಂದು ನಾನು ಘೋಷಿಸಿದೆ. ಮಂದಾಕಿನಿ ಅಕ್ಕಲಕೋಟೆಯ ತವರಿಗೆ ಹೇಳಿಕಳಿಸಿದಳು: "ಅಪ್ಪಾ, ಇವರು ಒಂದು ಟೇಪಿನ ಡಬ್ಬಿ ತರ್ತಾರ. ಅದರ ಮುಂದ ಮಾತಾಡು. ಬೈಬ್ಯಾಡ, ಅದೂ ಅದರಾಗ ಕೂಡತದ!"

ಮಾವ ಚನ್ನವೀರಪ್ಪನವರಿಗೆ ಎರಡು ಪೇಢಿ, ಅಂದರೆ ವ್ಯಾಪಾರದ ಅಂಗಡಿ. ಮೊದಲನೆಯದು ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ, ಅವರ ತಂದೆ ತೆರೆದದ್ದು. ಎರಡನೆಯದು ಅಕ್ಕಲಕೋಟೆಯಲ್ಲಿ. ಮೊದಲನೆಯದರಲ್ಲಿ ಈಗ ಗಿರಾಕಿಗಿಂತ ನೊಣಗಳೇ ಹೆಚ್ಚು. ಜಾಗದ ಮಾಲಕ ನಾಗಪ್ಪ "ಖಾಲಿ ಮಾಡ್ರಿ" ಎಂದು ವರ್ಷದಿಂದ ಬೆನ್ನುಹತ್ತಿದ್ದ. ಅಲ್ಲಿ ಕೂರುತ್ತಿದ್ದ ನನ್ನ ಭಾವಮೈದುನ ಶಿವಾನಂದನಿಗೆ ಒಂದೇ ಹಟ: ಮುಂಬಯಿಯಿಂದ ಕಂಪ್ಯೂಟರ್ ತರಿಸಿದರೆ ಅಜ್ಜನ ಅಂಗಡಿ ಉಳಿಯುತ್ತದೆ! ಈಗಲೇ ಕೊಳ್ಳುವುದೋ, ಕಾಯುವುದೋ? ಸಲಹೆಗೆಂದು ಪುಣೆಯಲ್ಲಿ ಇಂಜಿನಿಯರಾಗಿದ್ದ ದಾಯಾದಿ ಸಿದ್ರಾಮನನ್ನು ಮಾವನವರು ಸೊಲ್ಲಾಪುರದ ಅಂಗಡಿಗೆ ಕರೆಸಿದರು.

ಅವರು ತಾವೇ ಬರಲಾಗದ್ದರಿಂದ ಸಿದ್ರಾಮನ ಮಾತನ್ನು ನಾನು ಟೇಪಿಗೆ ಹಿಡಿದೆ. ಹಿಂದಿನ ಓಣಿಯ ಮಗ್ಗಗಳೂ ಖಟ್ ಖಟ್ ಎಂದು ತಮ್ಮ ಅಭಿಪ್ರಾಯ ದಾಖಲಿಸಿದವು. ನಾನು ಟೇಪಿನ ಮುಳ್ಳನ್ನೇ ನೋಡುತ್ತಿದ್ದೆ. ಮಾತಿನ ಕಡೆ ಗಮನವಿರಲಿಲ್ಲ. ಅಂದೇ ಸಿದ್ರಾಮ ಪುಣೆಗೂ, ಶಿವಾನಂದ ಮಾಲು ತರಲು ಇಚಲಕರಂಜಿಗೂ ಹೊರಟರು; ನಾನು ಬರೆದುಕೊಳ್ಳಲು ಕುಳಿತೆ. ಈ ಸೀಮೆಯವರ ಬಾಯಲ್ಲಿ ಮನೆ 'ಮನಿ', ಸಾಲೆ 'ಸಾಲಿ'. ಆದ್ದರಿಂದ ಸಂದೇಹ ಬಂದಲ್ಲಿ ಇಕಾರವನ್ನು ಎಕಾರಕ್ಕೆ ತಿದ್ದತಕ್ಕದ್ದು. ತುಮಕೂರಿನವನಾದ ನಾನೇ ರೂಪಿಸಿದ ಶಾಸ್ತ್ರೀಯ ನಿಯಮವಿದು!

ಮರುದಿನ ಸಂದರ್ಶನಕ್ಕೆಂದು ಅಕ್ಕಲಕೋಟೆಗೆ ಹೋದವನು ಮಾವನವರೆದುರು ಗಂಭೀರ ಸ್ವರದಿಂದ ಓದಿದೆ: "ಪಹಿಲೀ ಪೇಢಿ ವರ್ಷದಾಗ ಬಂದ್ ಆಗ್ತದ. ದುಸರೀ ಪೇಢಿನೇ ಮುಂದ ನಡೀತದ." ಪಹಿಲೀ ಎಂದರೆ ಮೊದಲನೆಯದು, ದುಸರೀ ಎಂದರೆ ಎರಡನೆಯದು; ಅಷ್ಟು ಮರಾಠಿ ನನಗೂ ಬರುತ್ತಿತ್ತು.

ಮಾವನವರು ಕನ್ನಡಕ ತೆಗೆದಿಟ್ಟರು.

"ಸಿದ್ರಾಮ ಹಿಂಗಂದಾನೇನ್ರಿ, ಅಳ್ಯಾರ?"

"ಅಕ್ಷರಶಃ, ಮಾವ!"

"ನಮ್ಮಪ್ಪನ ಪೇಢಿರೀ ಅದು..." ಅವರು ಕಣ್ಣೊರೆಸಿಕೊಂಡರು. "ಖರೇನ ಹೇಳ್ಯಾನ ಬಿಡ್ರಿ. ನನಗೂ ಹಂಗ ಅನಸಿತ್ತು. ಬಾಯಿಬಿಟ್ಟು ಹೇಳಾವ್ರು ಇರಲಿಲ್ಲ."

ಮಾರನೆಯ ದಿನವೇ ಅವರು ಸೊಲ್ಲಾಪುರಕ್ಕೆ ಬಂದು, ಚಾದರದ ಗಂಟುಗಳನ್ನು ಲಾರಿಗೆ ಹೇರಿಸಿ, ನಾಗಪ್ಪನಿಗೆ ಅಂಗಡಿ ಬಿಟ್ಟುಕೊಟ್ಟು, ನಮ್ಮ ಮನೆಗೂ ಬಾರದೆ ಹಿಂದಿರುಗಿದರು.

ಸುದ್ದಿ ಕೇಳಿದ ಮಂದಾಕಿನಿ ಟೇಪು ಹಾಕಿಸಿ ಕಿವಿಗೊಟ್ಟಳು.

"ಏನ್ರೀ! ಅಂವ ಪೇಢಿ ಅಂದಿಲ್ಲ. ಪಿಢಿ ಅಂದಾನ, ಪಿಢಿ!"

"ಹಾಗೆಂದರೆ?"

"ಮರಾಠಿ ಮಾತ್ರೀ. ಪೀಳಿಗಿ! ಈ ಮಶಿನ್ನಿನ ಮೊದಲನೇ ಪೀಳಿಗಿ ಬಂದ್ ಆಗ್ತದ, ಎರಡನೇದೇ ನಡೀತದ ಅಂದಾನ. ಕಾಯ್ರಿ ಅಂತ ಅರ್ಥ!"

"ನಿಯಮದ ಪ್ರಕಾರ 'ಪಿ'ಯ ಇಕಾರವನ್ನು..."

"ನಿಮ್ಮ ನಿಯಮಕ್ಕ ಬೆಂಕಿ ಹಚ್ರಿ! ನಮ್ಮಜ್ಜನ ಅಂಗಡೀನ ನುಂಗಿತಲ್ರೀ ಅದು!"

ನಾನು ನಾಗಪ್ಪನಲ್ಲಿಗೆ ಓಡಿದೆ. ಅಲ್ಲಿ ಗೋಡೆ ಒಡೆಯುವ ಕೆಲಸ ಸಾಗಿತ್ತು.

"ತಡಾ ಮಾಡಿದ್ರಿ ಸಾಹೇಬ್ರ," ಎಂದ ಅವನು, ತಲೆಯ ಮೇಲಿನ ಸುಣ್ಣದ ಧೂಳು ಕೊಡವುತ್ತ. "ಚನ್ನವೀರಪ್ಪನೋರು ಹೋಗೂ ಮುಂದ ಹೊಸ್ತಿಲಿಗೆ ಕೈಮುಗದು ಹೋದ್ರು. ಇನ್ನ ಹೆಂಗ ತಿರಗಿ ಕೊಡಲಿ?"

ಆ ಅಧ್ಯಯನಕ್ಕೆ ನಾನು ಸೇರಿಸಿದ ಕೊನೆಯ ನಮೂದು ಇದು: ೧೪ ನವೆಂಬರ್ ೧೯೭೯, ಬುಧವಾರ. ಸೊಲ್ಲಾಪುರದ ಪೇಢಿ ಮುಚ್ಚಿತು. ಕಂಪ್ಯೂಟರ್ ಕೊಂಡಿಲ್ಲ, ಇಡಲು ಅಂಗಡಿಯಿಲ್ಲ.