ವಾಂತಿ ಆಗದಿದ್ದರೆ ಪೈಲಟ್

ಮನೆಯಲ್ಲಿ ಒಬ್ಬರು ಪೈಲಟ್ ಆಗುತ್ತೇನೆ ಅಂದರೆ ಸಾಕು, ಊರಿನವರೆಲ್ಲ ನಿನ್ನೆಯಷ್ಟೇ ವಿಮಾನ ಇಳಿಸಿ ಬಂದವರ ಹಾಗೆ ಮಾತಾಡತೊಡಗುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಈಚೆಗೆ ನಗುವುದಕ್ಕೆ ಬರಗಾಲವಿಲ್ಲ.

ನಾನು ಗುಬ್ಬಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಮಗಳು ತುಮಕೂರಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಒಂದು ದಿನ ಮುದ್ದೆ ಮುರಿಯುತ್ತಾ, "ಅಪ್ಪ, ನಾನು ಪೈಲಟ್ ಆಗ್ತೀನಿ" ಅಂದಳು. ಫಿಸಿಕ್ಸು, ಮ್ಯಾಥ್ಸು ಹೇಗೂ ಇದೆ, ಮೊದಲು ಮೆಡಿಕಲ್ ಟೆಸ್ಟ್ ಪಾಸಾಗಬೇಕು, ಆಮೇಲೆ ಪರೀಕ್ಷೆ ಬರೆಯಬೇಕು, ತರಬೇತಿ ಶಾಲೆಗೆ ಸೇರಿ ಹಾರಾಟ ಕಲಿಯಬೇಕು ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅವಳು ಹೇಳದೆ ಬಿಟ್ಟದ್ದು ಒಂದೇ. ನಮ್ಮ ಹುಡುಗಿಗೆ ಬಸ್ ಹತ್ತಿದರೆ ವಾಂತಿ. ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗುತ್ತಿದ್ದದ್ದು ಅದಕ್ಕೇ.

ತಾರಸಿ ಮೇಲಿನ ಹಪ್ಪಳ

ಸುದ್ದಿ ಮೊದಲು ಮುಟ್ಟಿದ್ದು ಪಕ್ಕದ ಮನೆಯ ಆಂಟಿಗೆ. ಅವರು ಕಾಂಪೌಂಡಿನ ಆಚೆಯಿಂದಲೇ ನನ್ನ ಹೆಂಡತಿಯನ್ನು ಕರೆದು ಬುದ್ಧಿ ಹೇಳಿದರು.

"ಅಲ್ಲ ಕಣೇ, ಬಿದರೆಹಳ್ಳಿ ಕಾವಲ್‌ನಲ್ಲಿ ಅಷ್ಟು ದೊಡ್ಡ ಹೆಲಿಕಾಪ್ಟರ್ ಫ್ಯಾಕ್ಟ್ರಿ ಇಟ್ಕೊಂಡು ಮಗೂನ ಯಾಕೆ ದೂರ ಕಳಿಸ್ತೀರಾ? ಅಲ್ಲೇ ಯಾರಿಗಾದ್ರೂ ಹೇಳಿ ಸೇರಿಸ್ಬಿಡಿ. ಮಧ್ಯಾಹ್ನ ಊಟಕ್ಕೆ ಮನೆಗೆ ಬರ್ಬೋದು."

ಅಲ್ಲಿ ಹೆಲಿಕಾಪ್ಟರ್ ತಯಾರು ಮಾಡುತ್ತಾರೆ, ಇವಳು ಓಡಿಸಬೇಕೆಂದಿರುವುದು ಪ್ರಯಾಣಿಕರ ವಿಮಾನ ಎಂದು ಹೆಂಡತಿ ಸಮಾಧಾನವಾಗಿ ಬಿಡಿಸಿ ಹೇಳಿದಳು. ಆಂಟಿ ಪೂರ್ತಿ ಕೇಳಿಸಿಕೊಂಡರು.

"ಏನಾದ್ರೂ ಓಡಿಸ್ಲಿ ಬಿಡು, ನಮ್ದೇನು ಅಭ್ಯಂತರ ಇಲ್ಲ. ನಮ್ಮ ತಾರಸಿ ಮೇಲೆ ಇಳಿಯೋದಾದ್ರೆ ಮಾತ್ರ ಮುಂಚೆ ಒಂದು ಫೋನ್ ಮಾಡಕ್ಕೆ ಹೇಳು. ಹಪ್ಪಳ ಒಣಗಾಕಿರ್ತೀನಿ."

ಕಂಡಕ್ಟರ್ ಕೇಳಿದ್ದು

ಕುಣಿಗಲ್ ನನ್ನ ಹೆಂಡತಿಯ ತವರು. ತುಮಕೂರಿನಿಂದ ಅಲ್ಲಿಗೆ ಬಸ್ಸೇ ಗತಿ. ಒಂದು ಭಾನುವಾರ ಹೊರಟೆವು. ಮಗಳಿಗೆ ಕಿಟಕಿ ಸೀಟು, ಕೈಯಲ್ಲಿ ನಿಂಬೆಹಣ್ಣು, ಕೆಳಗೆ ಹಾಸಿಕೊಳ್ಳಲು ನ್ಯೂಸ್ ಪೇಪರ್. ಪೇಪರ್ ಮೇಲೆ ಕೂತರೆ ವಾಂತಿ ಬರುವುದಿಲ್ಲ ಎಂಬುದು ನಮ್ಮಮ್ಮನ ಗಟ್ಟಿ ನಂಬಿಕೆ. ನಾನು ಎಂದಿನಂತೆ ಬಾಗಿಲ ಹತ್ತಿರ ನಿಂತಿದ್ದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಪೇಪರ್ ಹಾಸಿದ್ದರೂ ಹೆಬ್ಬೂರು ಬರುವ ಹೊತ್ತಿಗೆ ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿಯಾಗಿತ್ತು. ಆ ರೂಟಿನ ಕಂಡಕ್ಟರ್ ನಮಗೆ ಹಳೆಯ ಪರಿಚಯ. ತಾನೇ ನೀರಿನ ಬಾಟಲ್ ತಂದುಕೊಟ್ಟು, ಅವಳ ಮನಸ್ಸು ಬೇರೆ ಕಡೆ ಹೋಗಲಿ ಅಂತ ಕೇಳಿದ, "ಪಿಯುಸಿ ಆದ್ಮೇಲೆ ಏನ್ ಮಾಡ್ಬೇಕು ಅಂತಿದೀಯಮ್ಮ?"

ಮಗಳು ಬಾಯಿ ಒರೆಸಿಕೊಂಡು, "ಪೈಲಟ್ ಆಗ್ಬೇಕು ಅಂತ" ಅಂದಳು.

ಕಂಡಕ್ಟರ್ ನಗಲಿಲ್ಲ. ಅವಳನ್ನು ನೋಡಿದ, ಕಿಟಕಿಯನ್ನು ನೋಡಿದ. ಆಮೇಲೆ ಬಹಳ ಕಾಳಜಿಯಿಂದ ಹೇಳಿದ, "ಆಗಮ್ಮ, ಒಳ್ಳೇದು. ಆದ್ರೆ ಅಲ್ಲಿ ಕಿಟಕಿ ತೆಗೆಯಕ್ಕೆ ಬುಡಲ್ವಲ್ಲ?"

ಹೊನಗೊನ್ನೆ ಸೊಪ್ಪು

ಮೆಡಿಕಲ್‌ನಲ್ಲಿ ಕಣ್ಣನ್ನು ಕಟ್ಟುನಿಟ್ಟಾಗಿ ಪರೀಕ್ಷೆ ಮಾಡುತ್ತಾರೆ ಎಂದು ಯಾರೋ ಹೇಳಿದರು. ಹೆಂಡತಿ ಮಾರನೆಯ ದಿನದಿಂದಲೇ ಹೊನಗೊನ್ನೆ ಸೊಪ್ಪಿಗೆ ಕೈ ಹಾಕಿದಳು. ಕಣ್ಣಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲವಂತೆ. ಬೆಳಿಗ್ಗೆ ಹೊನಗೊನ್ನೆ ರೊಟ್ಟಿ, ಮಧ್ಯಾಹ್ನ ಹೊನಗೊನ್ನೆ ಬಸ್ಸಾರು, ರಾತ್ರಿ ಅದೇ ಸೊಪ್ಪಿನ ಪಲ್ಯ. ಪೈಲಟ್ ಆಗುವವಳು ಒಬ್ಬಳು, ಸೊಪ್ಪು ತಿನ್ನುವವರು ಮನೆ ಮಂದಿಯೆಲ್ಲ.

ಮೆಡಿಕಲ್ ಪಾಸಾಯಿತು. ಮಗಳು ಮನೆಗೆ ಬಂದವಳೇ ಬ್ಯಾಗು ಕೂಡ ಇಳಿಸದೆ, "ಅಮ್ಮ, ಕಣ್ಣು ಚೆನ್ನಾಗಿದೆಯಂತೆ. ಇವತ್ತಾದ್ರೂ ಟೊಮೆಟೊ ಸಾರು ಮಾಡು" ಅಂದಳು. ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹೆಂಡತಿ ಅಡುಗೆಮನೆಯಲ್ಲಿ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ಪೈಲಟ್‌ಗಳಿಗೆ ಕೆಲಸ ಸಿಕ್ಕಿದ ಮೇಲೂ ಆಗಾಗ ಕಣ್ಣು ನೋಡ್ತಾನೇ ಇರ್ತಾರಂತೆ. ನಾನೂ ಕೇಳಿ ತಿಳ್ಕೊಂಡಿದೀನಿ."

ಅಂದರೆ ಮಗಳು ರಿಟೈರ್ ಆಗುವವರೆಗೂ ನನಗೆ ಹೊನಗೊನ್ನೆ ತಪ್ಪಿದ್ದಲ್ಲ.

ಪೇಪರ್ ಮಹಿಮೆ

ಉಳಿದದ್ದು ನಮ್ಮಮ್ಮನ ಒಪ್ಪಿಗೆ. ಅವಳು ಹ್ಞೂಂ ಅನ್ನದೆ ನಮ್ಮ ಮನೆಯಲ್ಲಿ ಗೋಡೆಯ ಬಣ್ಣವೂ ಬದಲಾಗುವುದಿಲ್ಲ. ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ಮೊಮ್ಮಗಳನ್ನು ಕರೆದು ಷರತ್ತು ಹಾಕಿದಳು.

"ಒಂದ್ಸಲ ಮೇಲಕ್ಕೆ ಹೋಗ್ಬಾ. ವಾಂತಿ ಮಾಡ್ಕೊಳ್ದೆ ಇಳುದ್ರೆ ಪೈಲಟ್ ಓದು. ಮಾಡ್ಕೊಂಡ್ರೆ ಸುಮ್ನೆ ಬಿಎಸ್ಸಿಗೆ ಸೇರ್ಕೊ. ಆಯ್ತಾ?"

ಮಗಳ ಮುಖ ಸಣ್ಣದಾಯಿತು. ಆದರೂ "ಆಯ್ತಜ್ಜಿ" ಅಂದಳು. ನನಗೆ ಅಯ್ಯೋ ಅನ್ನಿಸಿತು. ಅಮ್ಮನ ಮೇಲಿನ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸಿಕೊಂಡೆ. "ಎಲ್ಲಾ ನಿಮ್ಮ ಕುಣಿಗಲ್ ಕಡೆಯಿಂದ ಬಂದಿದ್ದು. ನಮ್ಮ ವಂಶದಲ್ಲಿ ಬಸ್ಸಲ್ಲಿ ವಾಂತಿ ಮಾಡಿದೋರು ಒಬ್ಬರಿಲ್ಲ" ಅಂದೆ. ಮದುವೆಯಾದಾಗಿನಿಂದ ಕುಣಿಗಲ್ಲಿನವರನ್ನು ಯಾವುದಕ್ಕಾದರೂ ಆಡಿಕೊಳ್ಳುವುದು ನನ್ನ ಹಕ್ಕು ಎಂದುಕೊಂಡಿದ್ದೇನೆ. ಅಮ್ಮ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಬೆಂಗಳೂರಿನ ಹೊರಗೆ ಒಂದು ತರಬೇತಿ ಶಾಲೆ. ಸೇರುವ ಮುಂಚೆ ಒಂದು ಸಲ ಪುಟ್ಟ ವಿಮಾನದಲ್ಲಿ ಕರೆದುಕೊಂಡು ಹೋಗುತ್ತಾರೆ, ಜೊತೆಗೆ ಮನೆಯವರೂ ಕೂರಬಹುದು. ಹೊರಡುವಾಗ ಅಮ್ಮ ನ್ಯೂಸ್ ಪೇಪರ್ ಮಡಚಿ ನನ್ನ ಕೈಗೆ ಕೊಟ್ಟು "ಇಟ್ಕೊ" ಅಂದಳು. ನಾನು ವಿಮಾನದ ಹತ್ತಿರ ಹೋದಾಗ ಅದನ್ನು ಜೋಪಾನವಾಗಿ ಮಗಳ ಸೀಟಿನ ಮೇಲೆ ಹಾಸಿದೆ.

ಹಾರಾಟ ಕಲಿಸುವ ಮೇಷ್ಟ್ರು ನೋಡಿದರು. "ಏನು ಸರ್ ಇದು?"

"ವಾಂತಿಗೆ."

"ಮುಂದಿನ ಸೀಟಲ್ಲಿ ಹೀಗೆಲ್ಲ ಬಿಡಿ ವಸ್ತು ಇರಬಾರದು. ನೀವೇ ಹಿಂದೆ ಇಟ್ಕೊಳಿ" ಎಂದು ಪೇಪರನ್ನು ನನಗೇ ವಾಪಸ್ ಕೊಟ್ಟರು.

ವಿಮಾನ ಮೇಲೇರಿತು. ಹಿಂದಿನಿಂದ ನೋಡುತ್ತಿದ್ದೆ. ಮಗಳು ಕುತ್ತಿಗೆ ಬಗ್ಗಿಸಿದಳು, ಕಣ್ಣು ಮುಚ್ಚಿದಳು. ಹೆಬ್ಬೂರಿನ ಲಕ್ಷಣಗಳೆಲ್ಲ ಕಾಣಿಸಿಕೊಂಡವು. ಬಿಎಸ್ಸಿಯೇ ಗತಿ ಅಂದುಕೊಂಡೆ. ಆಗ ಮೇಷ್ಟ್ರು ನಿಧಾನವಾಗಿ, "ಈಗ ನೀವು ಕಂಟ್ರೋಲ್ ಹಿಡ್ಕೊಳಿ, ನಾನು ಪಕ್ಕದಲ್ಲೇ ಇದೀನಿ" ಅಂದರು. ಮಗಳು ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಬೆನ್ನು ನೆಟ್ಟಗಾಯಿತು, ಮುಖಕ್ಕೆ ಬಣ್ಣ ಬಂತು.

"ಓಡಿಸೋರಿಗೆ ಸಾಮಾನ್ಯವಾಗಿ ಹೊಟ್ಟೆ ತೊಳಸಲ್ಲ" ಎಂದು ಮೇಷ್ಟ್ರು ಹೇಳಿದ್ದು ಕಿವಿಯ ಹೆಡ್‌ಫೋನಿನಲ್ಲಿ ನನಗೂ ಕೇಳಿಸಿತು. "ಸುಮ್ನೆ ಕೂತಿರೋರಿಗೇ ಜಾಸ್ತಿ. ಎಲ್ಲಿ, ಈಗ ಎಡಕ್ಕೆ ತಿರುಗಿಸಿ."

ತಿರುಗಿಸಿದಳು. ಭೂಮಿ ನನ್ನ ಕಿಟಕಿಗೇ ಬಂದು ನಿಂತಿತು. ಮುಂದಿನದನ್ನು ವಿವರಿಸುವುದಿಲ್ಲ. ನ್ಯೂಸ್ ಪೇಪರನ್ನು ಹಾಸಿಕೊಳ್ಳುವುದಕ್ಕಿಂತ ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿಕೊಂಡರೆ ಹೆಚ್ಚು ಪ್ರಯೋಜನ ಎಂದಷ್ಟೇ ಹೇಳಬಲ್ಲೆ. ಮಗಳು ಹಿಂತಿರುಗಿ ನೋಡಿ ನಕ್ಕಳು. ಅಂಥ ಸಂಕಟದಲ್ಲೂ ಆ ನಗುವನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೂತಿದ್ದಳು.

"ಏನಾಯ್ತು?"

"ನನಗೇನೂ ಆಗ್ಲಿಲ್ಲ ಅಜ್ಜಿ" ಎಂದಳು ಮಗಳು.

ಅಮ್ಮ ನನ್ನತ್ತ ತಿರುಗಿದಳು. "ಪೇಪರ್ ಎಲ್ಲಿ?"

"ಅಲ್ಲೇ... ಬಿಸಾಕಿ ಬಂದೆ."

"ಸರಿ ಬುಡು. ಮಗೂನ ಪೈಲಟ್‌ಗೆ ಸೇರ್ಸು." ಅಮ್ಮ ಎದ್ದು ಒಳಗೆ ಹೊರಟವಳು ನಿಂತಳು. "ನಾನ್ ಪೇಪರ್ ಕೊಟ್ಟಿದ್ದು ನಿನಗೆ ಕಣೋ. ಚಿಕ್ಕೋನಿದ್ದಾಗ ಬಸ್ಸಲ್ಲಿ ಯಡಿಯೂರಿಗೆ ಹೋದಾಗೆಲ್ಲ ನನ್ ಸೀರೆ ಮೇಲೇ ವಾಂತಿ ಮಾಡ್ಕೊಂತಿದ್ದೆ. ಮರ್ತೋಯ್ತಾ?"

ಅಡುಗೆಮನೆಯಿಂದ ಹೆಂಡತಿ ಒಂದು ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಆಚೆ ಬಂದಳು. ಇನ್ನೊಂದು ಕೈಯಲ್ಲಿ ಮೊಬೈಲು.

"ಅತ್ತೆ, ಒಂದ್ನಿಮಿಷ ತಡೀರಿ. ಕುಣಿಗಲ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕ್ತೀನಿ. ಮೊದಲಿಂದ ಹೇಳಿ."