ತುದಿ ಕತ್ತರಿಸಿದ ತೆಲುಗು

ನನಗೆ ತೆಲುಗು ಬರುವುದಿಲ್ಲ ಎಂದು ನಮ್ಮ ಮನೆಯಲ್ಲಿ ಈಗ ಭಾರೀ ಅಪಪ್ರಚಾರ ನಡೆದಿದೆ. ನಂಬಬೇಡಿ. ನನಗೆ ತೆಲುಗು ಬರುತ್ತದೆ. ಆ ಸಂಗತಿ ತೆಲುಗಿನವರಿಗೆ ಇನ್ನೂ ತಿಳಿದಿಲ್ಲ, ಅಷ್ಟೇ.

ತಿಪಟೂರು ಸೀಮೆಯಲ್ಲಿ ಈಶ್ವರಯ್ಯ ಎಂದರೆ ಎಲ್ಲವನ್ನೂ ತಾನೇ ಕಲಿತವನು ಎಂದು ಹೆಸರು. ನಾಲ್ಕನೇ ಕ್ಲಾಸಿನಲ್ಲಿ ಇಸ್ಕೂಲು ನನ್ನನ್ನು ಬಿಟ್ಟಿತು (ನಾನೇ ಇಸ್ಕೂಲನ್ನು ಬಿಟ್ಟೆ ಎಂಬುದು ಸರಿಯಾದ ಚರಿತ್ರೆ). ಆಮೇಲೆ ಪಂಪ್‌ಸೆಟ್ ಬಿಚ್ಚುವುದು, ಪಂಚಾಂಗ ನೋಡುವುದು, ರೇಡಿಯೋ ರಿಪೇರಿ, ಒಂದನ್ನೂ ಯಾರ ಮುಂದೆಯೂ ಕೈಕಟ್ಟಿ ನಿಂತು ಕಲಿಯಲಿಲ್ಲ. ನಾನು ಬಿಚ್ಚಿದ ರೇಡಿಯೋಗಳು ಮತ್ತೆ ಹಾಡಿದವೇ ಎಂದು ಕೇಳುವುದು ಸಣ್ಣತನ.

ಮಗ ನಂದೀಶ ಬ್ಯಾಂಕಿನ ಅಧಿಕಾರಿ. ವರ್ಗವಾಗಿ ವರ್ಗವಾಗಿ ಆಂಧ್ರದಲ್ಲೇ ಅರ್ಧ ಆಯಸ್ಸು ಕಳೆದು, ಈಗ ವಿಜಯವಾಡದ ಭವಾನಿಪುರಂನಲ್ಲಿ ಮನೆ ಮಾಡಿದ್ದಾನೆ. ನಾನು ಮತ್ತು ನನ್ನಾಕೆ ಸಿದ್ದಗಂಗಮ್ಮ ಅಲ್ಲಿಗೆ ಹೋಗಿ ಮೂರು ವಾರವಾಗಿತ್ತು. ಮನೆಯೊಳಗೆ ಎಲ್ಲರೂ ನಮ್ಮೊಡನೆ ಕನ್ನಡವೇ. ಹಾಗಾಗಿ ನಾನು ದಿನಾ ಒನ್ ಟೌನ್ ಪೇಟೆಗೆ ಹೋಗಿ, ಅಂಗಡಿ ಬೋರ್ಡುಗಳನ್ನೇ ಗುರುವಾಗಿಸಿಕೊಂಡು ತೆಲುಗು ಕಲಿತೆ. ಅಕ್ಷರವೆಲ್ಲ ನಮ್ಮದೇ, ತಲೆಕಟ್ಟು ಮಾತ್ರ ಕ್ಷೌರ ಮಾಡಿಸಿಕೊಂಡು ಬಂದಂತೆ ಸ್ವಲ್ಪ ಬೇರೆ. ಎರಡನೇ ದಿನವೇ ಮಹಾಸೂತ್ರ ಹೊಳೆಯಿತು: ತೆಲುಗು ಪದದ ತುದಿ ಕತ್ತರಿಸಿದರೆ ಕನ್ನಡ! ‘ಬೆಲ್ಲಂ’ ಎಂದರೆ ಬೆಲ್ಲ. ‘ಕಷ್ಟಂ’ ಎಂದರೆ ಕಷ್ಟ. ಒಂದು ಅಂಗಡಿಯ ಮೇಲೆ ‘ಅಲ್ಲಂ, ಬೆಲ್ಲಂ’ ಎಂದಿತ್ತು. ಅಲ್ಲ, ಬೆಲ್ಲ. ಬೆಲ್ಲವಲ್ಲದ್ದನ್ನು ಬೆಲ್ಲವಲ್ಲ ಎಂದು ಬೋರ್ಡು ಹಾಕಿ ಮಾರುವ ಪ್ರಾಮಾಣಿಕ ವ್ಯಾಪಾರಿಗೆ ಕೈಮುಗಿದು ಬಂದೆ. (ಅಲ್ಲಂ ಎಂದರೆ ಶುಂಠಿಯಂತೆ. ಇದು ನನಗೆ ಬಹಳ ತಡವಾಗಿ ತಿಳಿಯಿತು.)

ಆಗಲೇ ಮೊಮ್ಮಗಳು ಮೇಧಾಗೆ ವಿಶಾಖಪಟ್ಟಣದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಸಮುದ್ರದ ಜೀವಿಗಳ ವಿಷಯದಲ್ಲಿ ಎಂ.ಎಸ್ಸಿ. ಹಾಸ್ಟೆಲ್ ಭರ್ತಿ. ಕ್ಯಾಂಪಸ್ಸಿನ ಬಳಿ ಪಿ.ಜಿ.ಗಳ ಬಾಡಿಗೆ ಕೇಳಿ ನಂದೀಶ ಫ್ಯಾನಿನ ಕೆಳಗೂ ಬೆವೆತ.

“ಸೋಮವಾರ ಕ್ಲಾಸು ಶುರು. ಅಷ್ಟರೊಳಗೆ ಆರು ಸಾವಿರದ ಒಳಗಿನ ರೂಮು ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಇಲ್ಲೇ ಯಾವ್ದಾದ್ರೂ ಕಾಲೇಜಿಗೆ ಸೇರ್ಕೋ. ಮೀನು ಕೃಷ್ಣಾ ನದೀಲೂ ಇದೆ” ಎಂದ.

ಹುಡುಗಿಯ ಕಣ್ಣಿನಲ್ಲಿ ಬಂಗಾಳಕೊಲ್ಲಿ ಉಕ್ಕಿತು. “ನಾನ್ನಾ, ತಿಮಿಂಗಿಲ ಇದೆಯಾ ಕೃಷ್ಣಾ ನದೀಲಿ?” (ಅಪ್ಪನನ್ನು ಅವಳು ಕರೆಯುವುದು ಮಾತ್ರ ತೆಲುಗಿನಲ್ಲಿ.)

ನಂದೀಶನಿಗೆ ಬ್ಯಾಂಕಿನಲ್ಲಿ ಆಡಿಟ್, ರಜೆಯಿಲ್ಲ. ನಾನು ಎದೆ ತಟ್ಟಿದೆ. “ನಾನಿಲ್ವೇನೋ? ನಾಳೆ ಶುಕ್ರವಾರ. ಇವಳು ಅಡ್ಮಿಷನ್ ಮುಗಿಸೋದ್ರೊಳಗೆ ರೂಮು ಹಿಡಿದು ಕೊಡ್ತೀನಿ. ಭಾಷೆ ಗೊತ್ತಿರೋನು ನಾನು.”

“ತಾತಾ, ನಿಮಗೆ ತೆಲುಗು...” ಎಂದಳು ಮೇಧಾ.

“ಸಿಕ್ಕಲಿಲ್ಲ ಅಂದ್ರೆ ನನ್ನ ಮೀಸೆ ಬೋಳಿಸ್ತೀನಿ!”

“ಬೋಳ್ಸೋಕೆ ಅಲ್ಲಿ ಇರೋದೇ ಎಂಟು ಕೂದ್ಲು” ಎಂದಳು ಸಿದ್ದಗಂಗಿ, ಕೊಬ್ಬರಿ ಮಿಠಾಯಿ ಡಬ್ಬಿಗೆ ತುಂಬುತ್ತಾ.

ಮರುದಿನ ವಿಶಾಖಪಟ್ಟಣದಲ್ಲಿ ರೈಲಿಳಿದು, ಮೇಧಾಳನ್ನು ಸರ್ಟಿಫಿಕೇಟು ತೋರಿಸುವ ಸಾಲಿನಲ್ಲಿ ನಿಲ್ಲಿಸಿ, ನಾನೂ ಸಿದ್ದಗಂಗಿಯೂ ಚಿನವಾಲ್ತೇರಿನ ಬೀದಿಗಳ ಮೇಲೆ ದಂಡಯಾತ್ರೆ ಹೊರಟೆವು. ಮೊದಲ ಗೇಟಿನಲ್ಲೇ ಬೋರ್ಡು: ‘ಇಲ್ಲು ಅದ್ದೆಕು ಇವ್ವಬಡುನು.’

ಸೂತ್ರ ಹಾಕಿದೆ. ತುದಿ ಕತ್ತರಿಸಿದೆ. ಎದೆ ಝಲ್ಲೆಂದಿತು.

“ಲೇ ಸಿದ್ದಗಂಗಿ, ಹಿಂದಕ್ಕೆ ಬಾ! ‘ಇಲ್ಲ. ಎದ್ದು ಹೋಗು. ಇವ ಬಡಿವನು’ ಅಂತ ಬರೆದವ್ರೆ!”

“ಯಾರನ್ನ ಬಡೀತಾನಂತೆ?”

“ಬಾಡಿಗೆ ಕೇಳೋರ್ನ. ಓದೋ ಹುಡುಗ್ರ ಕಾಟ ತಡೀಲಾರ್ದೆ ಮನೆಯೋರು ರೋಸಿಹೋಗಿರ್ಬೇಕು.”

ಎರಡನೇ ಗೇಟಿನಲ್ಲೂ ಬಡಿವವನೇ. ಐದನೆಯದರಲ್ಲೂ ಅವನೇ. ಇಡೀ ಪೇಟೆಯೇ ದೊಣ್ಣೆ ಹಿಡಿದು ನಿಂತಂತೆ ನಮಗೆ ಕಂಡಿತು. ಅಷ್ಟರಲ್ಲಿ ಒಂದು ಹಳದಿ ಮನೆ, ಅದರ ಮೇಲೆ ‘ಖಾಳೀ ಲೇದು’.

ನನಗೆ ಕುಣಿಯುವಷ್ಟು ಸಂತೋಷವಾಯಿತು. ತುದಿ ಕತ್ತರಿಸಿದರೆ ‘ಖಾಲಿ, ಲೇ!’ ಬೀದಿಯಲ್ಲಿ ಹೋಗುವವನನ್ನು ಬಾಲ್ಯಸ್ನೇಹಿತನಂತೆ ‘ಖಾಲಿ ಇದೆ, ಬಾರೋ ಲೇ’ ಎಂದು ಕರೆಯುವ ಮನೆ! ಗಂಟೆ ಒತ್ತಿದೆ. ಬನಿಯನ್ನು ತೊಟ್ಟ ಯಜಮಾನ ಬಂದು ತಲೆಯಾಡಿಸಿ, “ಖಾಳೀ ಲೇದಂಡಿ” ಎಂದು ಬಾಗಿಲು ಹಾಕಿಕೊಂಡ.

“ಕೇಳಿದ್ಯೇನೇ? ಖಾಲಿ ದಂಡಿಯಾಗಿದೆಯಂತೆ! ಬೀಗದ ಕೈ ತರೋಕೆ ಹೋದ.”

ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತೆವು. ಬೀಗದ ಕೈ ಬರಲಿಲ್ಲ, ನಾಯಿ ಬಂತು.

“ರೀ, ಅವ್ನು ತಲೆ ಆಡ್ಸಿದ್ದು ಒಲ್ಲೆ ಅನ್ನೋ ಥರ ಇತ್ತು ಕಣ್ರೀ.”

“ಓದು ಬರ್ದೋಳು ನೀನು ಸುಮ್ನಿರು. ಇದು ವ್ಯಾಕರಣದ ವಿಷ್ಯ.”

ಹೀಗೆ ‘ಖಾಲಿ, ಲೇ’ ಎಂದು ಕರೆದ ಏಳು ಮನೆಗಳಿಗೆ ಹೋದೆವು. ಏಳರಲ್ಲೂ ಖಾಲಿ ದಂಡಿಯಾಗಿತ್ತು, ಏಳರಲ್ಲೂ ಬಾಗಿಲು ಮುಚ್ಚಿತು. ಒಬ್ಬಾಕೆಯಂತೂ ನಾನು ಕದಲದೆ ನಿಂತದ್ದನ್ನು ಕಂಡು ಒಂದು ಸೇರು ಅಕ್ಕಿ ತಂದು ನನ್ನ ಚೀಲಕ್ಕೆ ಸುರಿದು ಕೈಮುಗಿದಳು. (ಅಡ್ವಾನ್ಸನ್ನು ಮನೆಯವರೇ ಕೊಡುವ ಪದ್ಧತಿ ಇರಬಹುದು ಎಂದುಕೊಂಡೆ.)

ಮಧ್ಯಾಹ್ನ ಎರಡಾಯಿತು. ಸಮುದ್ರದ ಕಡೆಯ ಗಾಳಿಯೂ ಬಿಸಿಯಾಗಿತ್ತು. ಮೇಧಾ ಫೋನು ಮಾಡಿದಳು. “ತಾತಾ, ಸರ್ಟಿಫಿಕೇಟ್ ನೋಡೋದು ಅಯಿಪೋಯಿಂದಿ, ಮುಗೀತು. ಫೀಸೊಂದು ಬಾಕಿ. ರೂಮು ಸಿಕ್ಕಿತಾ? ನಾನ್ನ ಆಗಲೇ ಎರಡು ಸಲ ಕೇಳಿದ್ರು. ಈಗ ಇಲ್ಲ ಅಂದ್ರೆ ಇಲ್ಲಿ ಫೀಸು ಕಟ್ಟೋಕೇ ಬಿಡೋಲ್ಲ.” ನನಗೆ ಮೊದಲ ಬಾರಿಗೆ ಮೀಸೆಯ ನೆನಪಾಯಿತು.

“ಸಿಕ್ಕೇಬಿಟ್ಟಿದೆ ಕಂದ, ಬೀಗದ ಕೈಯೊಂದು ಬಾಕಿ” ಎಂದು ಬೀದಿಯ ಗುರುತು ಹೇಳಿ ಫೋನು ಇಟ್ಟು ತಿರುಗಿ ನೋಡುತ್ತೇನೆ, ಸಿದ್ದಗಂಗಿ ಒಂದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಬಾದಾಮಿ ಮರದ ನೆರಳಿನಲ್ಲಿ ಕಾಲು ಚಾಚಿ ಕೂತುಬಿಟ್ಟಿದ್ದಾಳೆ. ಗೇಟಿನ ಮೇಲೆ, ಬಡಿವವನ ಬೋರ್ಡು!

“ಏಳೇ! ಬಡೀತಾನೆ!”

“ಬಡೀಲಿ ಬಿಡಿ. ನಿಮ್ಮ ಹಿಂದೆ ತಿರುಗೋದಕ್ಕಿಂತ ಅದೇ ವಾಸಿ.”

ಗೇಟು ಕಿರ್ರೆಂದಿತು. ನಾನು ಧೈರ್ಯವಾಗಿ ಮರದ ಹಿಂದೆ ನಿಂತೆ. ಹೊರಬಂದದ್ದು ದೊಣ್ಣೆಯಲ್ಲ, ಚೊಂಬು. ಅದನ್ನು ಹಿಡಿದ ದಪ್ಪನೆಯ ಹೆಂಗಸು. ಹೆಸರು ಅಪ್ಪಲನರಸಮ್ಮ ಎಂದು ಆಮೇಲೆ ತಿಳಿಯಿತು. “ಅಯ್ಯೋ ಎಂಡ, ಎಂಡ” ಎನ್ನುತ್ತಾ ನನ್ನಾಕೆಗೆ ನೀರು ಕೊಟ್ಟಳು. (ಎಂಡ ಎಂದರೆ ಬಿಸಿಲು. ನಾನು ಬೇರೇನೋ ತಿಳಿದು ಹೌಹಾರಿದೆ.) ಇವಳು ಡಬ್ಬಿ ತೆಗೆದು ಕೊಬ್ಬರಿ ಮಿಠಾಯಿ ಕೊಟ್ಟಳು. ಆಮೇಲೆ ನಡೆದ ಸಂಭಾಷಣೆ ಯಾವ ಭಾಷೆಯದೋ ನಾನರಿಯೆ. ಇವಳು ಕನ್ನಡ, ಅವಳು ತೆಲುಗು, ನಡುವೆ ಕೈ, ಕಣ್ಣು, ಮಿಠಾಯಿ. ಇವಳು ಜಡೆ ತೋರಿಸಿದಳು: ಮೊಮ್ಮಗಳು. ಪುಸ್ತಕ ಬಿಡಿಸಿದ ಹಾಗೆ ಕೈ ಮಾಡಿದಳು: ಓದು. ಕೆನ್ನೆಗೆ ಅಂಗೈ ಇಟ್ಟಳು: ಮಲಗಲು ಜಾಗ. ಅಪ್ಪಲನರಸಮ್ಮ ಮಹಡಿಯ ಕಡೆ ಬೆರಳು ಮಾಡಿ ಐದು ಬೆರಳು ಎತ್ತಿದಳು. ಐದು ಸಾವಿರ! ಕಿಟಕಿ ತೆರೆದರೆ ಸಮುದ್ರ!

ಮೇಧಾ ಓಡೋಡಿ ಬಂದಳು. ಮಹಡಿ ನೋಡಿ ಕುಣಿದಳು, ಅಪ್ಪನಿಗೆ ಫೋನು ಮಾಡಿದಳು, ಅಜ್ಜಿಯನ್ನು ತಬ್ಬಿದಳು. ಆಮೇಲೆ ಬೋರ್ಡು ನೋಡಿ, “ತಾತಾ, ಇಷ್ಟು ದೊಡ್ಡದಾಗಿ ಬರೆದಿದಾರಲ್ಲಾ! ಇಲ್ಲು ಅಂದ್ರೆ ಮನೆ. ಅದ್ದೆ ಅಂದ್ರೆ ಬಾಡಿಗೆ. ಮನೆ ಬಾಡಿಗೆಗೆ ಕೊಡಲಾಗುವುದು” ಎಂದಳು.

“ಹಂಗಾದ್ರೆ ಖಾಳೀ ಲೇದು?”

“ಖಾಲಿ ಇಲ್ಲ ಅಂತ. ಲೇದು ಅಂದ್ರೆ ಇಲ್ಲ.”

ಸಿದ್ದಗಂಗಿ ಬೆರಳು ಮಡಿಸುತ್ತಿದ್ದಳು. “ಈ ಥರದ ಬೋರ್ಡು ಬೆಳಿಗ್ಗೆಯಿಂದ ಹದಿನಾಲ್ಕು ದಾಟಿದ್ವಿ. ನಂಗೆ ಓದೋಕೆ ಬರಾಕಿಲ್ಲ, ಎಣಿಸೋಕೆ ಬತ್ತದೆ.”

ನಾನು ಗಂಟಲು ಸರಿಮಾಡಿಕೊಂಡು, ಹುಡುಗಿ ಒಬ್ಬಳೇ ಇರುವುದು ಬೇಡ, ಮೊದಲ ತಿಂಗಳು ನಾನೂ ಅಜ್ಜಿಯೂ ಇಲ್ಲೇ ಇರುತ್ತೇವೆ, ಅಷ್ಟರಲ್ಲಿ ನನ್ನ ಸೂತ್ರದ ಸಣ್ಣಪುಟ್ಟ ದೋಷಗಳನ್ನೂ ತಿದ್ದಿಕೊಳ್ಳುತ್ತೇನೆ ಎಂದು ಘೋಷಿಸಿದೆ. ಮೇಧಾ ತೆಲುಗಿನಲ್ಲಿ ಹೇಳಿದಳು. ಅಪ್ಪಲನರಸಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು, ನನ್ನ ಚೀಲದ ಅಕ್ಕಿಯನ್ನೂ ನೋಡಿದಳು. ಏನೋ ಹೇಳಿದಳು.

“ಮಹಡಿ ಹೆಂಗಸರಿಗೆ ಮಾತ್ರ ಅಂತೆ. ಅಜ್ಜಿ ಇರಬಹುದಂತೆ” ಎಂದಳು ಮೇಧಾ, ನಗು ಕಚ್ಚಿಕೊಂಡು.

ಅಷ್ಟರಲ್ಲಿ ಅಪ್ಪಲನರಸಮ್ಮ ಹಳೆಯ ಬೋರ್ಡು ಕಳಚಿ, ಒಳಗಿನಿಂದ ಇನ್ನೊಂದನ್ನು ತಂದು ಗೇಟಿಗೆ ನೇತುಹಾಕಿದಳು. ‘ಖಾಳೀ ಲೇದು.’

ಈ ಸಲ ತುದಿ ಕತ್ತರಿಸಲು ನನಗೆ ಧೈರ್ಯ ಬರಲಿಲ್ಲ. ಸಿದ್ದಗಂಗಿ ಚೀಲವನ್ನು ನನ್ನ ಹೆಗಲಿಗೆ ಹಾಕಿ, ನಾಲ್ಕು ಮಿಠಾಯಿ ಕೈಗಿಟ್ಟು, ಗೇಟಿನ ಒಳಗೆ ಹೋಗಿ ಚಿಲಕ ಹಾಕಿದಳು.

“ಓದೋಕೆ ಕಷ್ಟ ಆಯ್ತಾ? ನಾನೇ ಓದ್ತೀನಿ, ನಿಮ್ಮ ಸೂತ್ರದ ಪ್ರಕಾರ” ಎಂದಳು. ನಲವತ್ತೆಂಟು ವರ್ಷದ ಸಂಸಾರದಲ್ಲಿ ನಾನು ದಿನಕ್ಕೆ ಹತ್ತು ಬಾರಿ ಅವಳನ್ನು ಕೂಗಿದ್ದನ್ನೆಲ್ಲ ಒಂದೇ ಉಸಿರಿಗೆ ವಾಪಸು ಮಾಡಿದಳು:

“ಖಾಲಿ ಇಲ್ಲ, ಲೇ!”